ಗಾಳಿಯ ಮೇಲೆ ಹಾಕಿದ ತಪ್ಪು

ಒಂದೂವರೆ ಸಿಸಿ ಎಂಜಿನ್ನಿನ ಕಂಟ್ರೋಲ್ ಲೈನ್ ವಿಮಾನ 320 ಗ್ರಾಂ ಮೀರಬಾರದು ಎಂದು ಲೆಕ್ಕ ಹಾಕಿದವನು ನಾನು. ಆ ಅಂಕಿಯನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಮಕ್ಕಳ ನೋಟ್‌ಬುಕ್ಕಿಗೆ ಇಳಿಸಿದವನೂ ನಾನೇ. ನಾನು ಕೈಯಾರೆ ಕಟ್ಟಿದ ವಿಮಾನ ತೂಗಿದ್ದು 510 ಗ್ರಾಂ. ಅದು ಗೊತ್ತಾದದ್ದು ವಿಮಾನ ಮುರಿದು ಚೂರಾದ ಮೇಲೆ. ಮುರಿದದ್ದಕ್ಕೂ ಗೊತ್ತಾದದ್ದಕ್ಕೂ ನಡುವೆ ನಾನು ಮಾಡಿದ ಒಂದು ಕೆಲಸ ಈಗಲೂ ಎದೆಯಲ್ಲಿ ಚುಚ್ಚುತ್ತದೆ. ಅದನ್ನು ಹೇಳಲೆಂದೇ ಬರೆಯಲು ಕೂತಿದ್ದೇನೆ. ಅದಕ್ಕೆ ಮೊದಲು ವಿಮಾನ ಎಂಥದ್ದೆಂದು ತಿಳಿಸಬೇಕು. ಇಂಡಿ ಸೀಮೆಯಲ್ಲಿ ಇದನ್ನು ಕಂಡವರು ಕಡಿಮೆ.

ರಿಮೋಟ್ ಇಲ್ಲದ ವಿಮಾನ ಇದು. ಎಡ ರೆಕ್ಕೆಯ ತುದಿಯಿಂದ ಹೊರಡುವ ಎರಡು ಸಣ್ಣ ಉಕ್ಕಿನ ತಂತಿಗಳು ಮೈದಾನದ ನಡುವೆ ನಿಂತವನ ಕೈಯ ಹಿಡಿಕೆಗೆ ಬಂದು ಸೇರುತ್ತವೆ. ವಿಮಾನ ಅವನ ಸುತ್ತ ಹಾರುತ್ತದೆ, ಅವನೂ ಅದರ ಜೊತೆಗೇ ತಿರುಗುತ್ತಾನೆ. ರೆಕ್ಕೆಯ ಬುಡದಲ್ಲಿ ಬೆಲ್‌ಕ್ರ್ಯಾಂಕ್ ಎಂಬ ಮುಮ್ಮೂಲೆಯ ತಗಡೊಂದು ಮೊಳೆಯ ಮೇಲೆ ಆಡುತ್ತಿರುತ್ತದೆ. ಹಿಡಿಕೆಯನ್ನು ಹಿಂದಕ್ಕೆ ವಾಲಿಸಿದರೆ ಒಂದು ತಂತಿ ಎಳೆದು ಇನ್ನೊಂದು ಬಿಟ್ಟುಕೊಡುತ್ತದೆ, ತಗಡು ಹೊರಳುತ್ತದೆ, ಅದಕ್ಕೆ ಕಟ್ಟಿದ ಕಡ್ಡಿ ಬಾಲದಲ್ಲಿ ಮೇಲೆ ಕೆಳಗೆ ಆಡುವ ಎಲಿವೇಟರ್ ಎಂಬ ಪಟ್ಟಿಯನ್ನು ಎತ್ತುತ್ತದೆ, ವಿಮಾನ ಏರುತ್ತದೆ. ಮುಂದಕ್ಕೆ ವಾಲಿಸಿದರೆ ಇಳಿಯುತ್ತದೆ. ವೇಗ ಹೆಚ್ಚುಕಡಿಮೆ ಮಾಡಲು ಬರುವುದಿಲ್ಲ. ಟ್ಯಾಂಕಿನ ಎಣ್ಣೆ ತೀರುವವರೆಗೆ ಸುತ್ತುತ್ತಿರಬೇಕು. ಇಷ್ಟೂ ನಡೆಯುವುದು ತಂತಿಗಳು ಬಿಗಿಯಾಗಿದ್ದರೆ ಮಾತ್ರ. ತಂತಿ ಸಡಿಲಾದ ಗಳಿಗೆಯಿಂದ ಹಾರಿಸುವವನಿಗೂ ವಿಮಾನಕ್ಕೂ ಸಂಬಂಧ ಹರಿಯಿತು.

ಈ ವಿದ್ಯೆಯನ್ನು ಜಗತ್ತಿಗೆ ಹಬ್ಬಿಸಿದವನು ಅಮೆರಿಕದ ಪೋರ್ಟ್‌ಲ್ಯಾಂಡಿನ ಜಿಮ್ ವಾಕರ್. 1940ರ ಸುಮಾರಿಗೆ ಅವನು ಮಾರಾಟಕ್ಕೆ ತಂದ ಫೈರ್‌ಬಾಲ್ ಎಂಬ ಮಾದರಿಯಿಂದ ಇದು ಮನೆಮಾತಾಯಿತು. ಇಂದು ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟ ಇದರಲ್ಲಿ ವೇಗಕ್ಕೆ, ಕಸರತ್ತಿಗೆ, ತಂಡದ ಓಟಕ್ಕೆ, ಕಾಳಗಕ್ಕೆ ಬೇರೆ ಬೇರೆ ಪಂದ್ಯ ನಡೆಸುತ್ತದೆ. ನಮ್ಮ ದೇಶದಲ್ಲಿ ಇದನ್ನು ಉಳಿಸಿಕೊಂಡು ಬಂದ ಹೆಚ್ಚಿನ ಪುಣ್ಯ ಎನ್‌ಸಿಸಿಯ ಏರ್ ವಿಂಗ್‌ನದು. 1950ರಲ್ಲಿ ಶುರುವಾದ ಆ ವಿಭಾಗದ ಕೆಡೆಟ್‌ಗಳಿಗೆ ಏರೋಮಾಡೆಲಿಂಗ್ ಕಲಿಕೆಯ ಭಾಗ. ಬೆಂಗಳೂರಿನ ಜಕ್ಕೂರಿನಲ್ಲಿ ನಡೆಯುತ್ತಿದ್ದ ವಾಯುಸೈನಿಕ ಶಿಬಿರಗಳಲ್ಲಿ ಕಂಟ್ರೋಲ್ ಲೈನ್ ಸ್ಪರ್ಧೆಯೂ ಇರುತ್ತಿತ್ತು. ಕಾಲೇಜಿನ ದಿನಗಳಲ್ಲಿ ಕೆಡೆಟ್ ಆಗಿದ್ದ ನಾನು ಮೊದಲ ಸಲ ಹಿಡಿಕೆ ಹಿಡಿದದ್ದೂ ಹಾಗೆಯೇ. ಅಂದು ಕೈಗೆ ಬಂದ ಎಳೆತವನ್ನು ತೋಳು ಮರೆತಿಲ್ಲ. ಕಲ್ಕತ್ತದಲ್ಲಿ ತಯಾರಾಗುತ್ತಿದ್ದ ಅರೋರಾ ಡೀಸೆಲ್ ಎಂಜಿನ್ನೊಂದು ಆ ಕಾಲದಿಂದ ನನ್ನ ಟ್ರಂಕಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಡೀಸೆಲ್ ಎಂಬುದು ರೂಢಿಯ ಹೆಸರು. ಈ ಪುಟ್ಟ ಎಂಜಿನ್ನಿಗೆ ಬೇಕಾದದ್ದು ಈಥರ್, ಚಿಮಣಿ ಎಣ್ಣೆ, ಔಡಲೆಣ್ಣೆ ಮೂರೂ ಸುಮಾರು ಸಮಪಾಲು ಕೂಡಿದ ಮಿಶ್ರಣ.

ಇಂಡಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳುವ ಕೆಲಸಕ್ಕೆ ಬಂದು ವರ್ಷಗಳಾದ ಮೇಲೆ ಆ ಟ್ರಂಕು ತೆರೆದೆ. ಬಲ, ವೇಗ, ವೃತ್ತಾಕಾರದ ಚಲನೆ ಎಲ್ಲವನ್ನೂ ಬೋರ್ಡಿನ ಮೇಲೆ ಬಾಣ ಗೀಚಿ ಕಲಿಸುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಹಾಗೇ ಬರೆಯುತ್ತಿದ್ದರು. ಆ ಬಾಣಗಳನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿಯಲಿ ಎಂದು ಆಸೆಪಟ್ಟೆ. ವಿಮಾನ ಅಂದರೆ ದೂರದವರ ಕೆಲಸ ಎಂಬ ಭಾವನೆಯನ್ನೂ ಕಳೆಯಬೇಕಿತ್ತು. ಭೀಮಾ ನದಿಯಾಚೆ ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ವಾಲಚಂದ ಹಿರಾಚಂದರೇ 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದವರು, ಅಲ್ಲಿ ವಿ. ಎಂ. ಘಾಟಗೆಯವರು ರೂಪಿಸಿದ ಎಚ್‌ಟಿ-2 ವಿಮಾನ 1951ರಲ್ಲಿ ಹಾರಿತು ಎಂದು ಹೇಳಿದಾಗ ಮಕ್ಕಳ ಕಣ್ಣು ಅರಳಿದ್ದು ನೆನಪಿದೆ. ಸೊಲ್ಲಾಪುರ ಅವರಿಗೆ ಬಟ್ಟೆ ತರಲು ಹೋಗುವ ಊರು.

ಲೆಕ್ಕ ಸರಿಯಾಗಿಯೇ ಇತ್ತು. 80 ಸೆಂಟಿಮೀಟರ್ ಉದ್ದ, ಹದಿನೇಳೂವರೆ ಸೆಂಟಿಮೀಟರ್ ಅಗಲದ ರೆಕ್ಕೆ. ಎಂಜಿನ್ನು, ಪಂಖ, ಟ್ಯಾಂಕು, ಗಾಲಿ, ಬೆಲ್‌ಕ್ರ್ಯಾಂಕ್, ಕಡ್ಡಿ ತಂತಿ ಎಲ್ಲಾ ಸೇರಿ 190 ಗ್ರಾಂ. ಅದನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿಲ್ಲ. ಉಳಿದ 130 ಗ್ರಾಮಿನಲ್ಲಿ ಮರ, ಅಂಟು, ಹೊದಿಕೆ, ಬಣ್ಣ ಎಲ್ಲ ಮುಗಿಯಬೇಕು. ಬಾಲ್ಸಾ ಹಲಗೆಗಳು ಬೆಂಗಳೂರಿನಿಂದ ಕೊರಿಯರಿನಲ್ಲಿ ಬಂದವು. ದಕ್ಷಿಣ ಅಮೆರಿಕದ ಈಕ್ವೆಡಾರಿನಲ್ಲಿ ಹೆಚ್ಚಾಗಿ ಬೆಳೆಸುವ ಮರ ಅದು. ಕೈಗೆ ಕೊಟ್ಟಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಸಿಂಗ ಮಾಡುವ ಬೆಂಡಿನಷ್ಟೇ ಹಗುರ. ಉಗುರು ಒತ್ತಿದರೆ ಗೀರು ಬೀಳುತ್ತಿತ್ತು.

ಆ ಉಗುರಿನ ಗೀರು ನೋಡಿಯೇ ನನ್ನೊಳಗೆ ಅಂಜಿಕೆ ಹೊಕ್ಕಿತು. ಇಷ್ಟು ಮೆತ್ತಗಿನ ಮರ ನಮ್ಮ ಎರೆ ಹೊಲದ ನೆಲಕ್ಕೆ ಬಡಿದರೆ ಉಳಿದೀತೆ? ಮೊದಲ ಹಾರಾಟದಲ್ಲೇ ಮುರಿದರೆ ಮಕ್ಕಳ ಹುಮ್ಮಸ್ಸೂ ಅದರ ಜೊತೆಗೆ ಮುರಿದುಹೋಗುತ್ತದೆ, ಊರವರು ಮಾಸ್ತರ ಹುಚ್ಚಾಟ ಎನ್ನುತ್ತಾರೆ. ಹೀಗೆಲ್ಲ ಯೋಚಿಸಿ ಮೈಗೆ, ಅಂದರೆ ವಿಮಾನದ ಒಡಲಿಗೆ, ಬಾಲ್ಸಾ ಬಿಟ್ಟು ಪ್ಲೈವುಡ್ ಹಾಕಿದೆ. ರೆಕ್ಕೆಯ ನಡುವಿನ ತೊಲೆಗೆ ಎರಡು ತೆಳು ಪಟ್ಟಿಯ ಬದಲು ಒಂದೇ ಗಟ್ಟಿ ಕಟ್ಟಿಗೆ ಇಟ್ಟೆ. ಗಾಲಿ ಕಾಲು ನೆಲಕ್ಕೆ ತಾಗಿದಾಗ ಬಾಲ ಮುರಿಯುತ್ತದೆಂದು ಬಾಲದ ರೆಕ್ಕೆಯನ್ನೂ 4 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಕೊಯ್ದೆ. ಕೀಲು ಕೀಲಿಗೂ ಫೆವಿಕಾಲ್ ತುಂಬಿ ಹೊರಗೆ ಉಕ್ಕಿದ್ದನ್ನು ಒರೆಸಲಿಲ್ಲ, ಅದೂ ಒಂದು ಬಲ ಎಂದುಕೊಂಡೆ. ಕೊನೆಗೆ ಕಾರಿಗೆ ಹೊಡೆಯುವ ಹಳದಿ ಬಣ್ಣ, ಅದರ ಮೇಲೆ ಕೆಂಪು ಪಟ್ಟೆ. ಒಂದೊಂದಕ್ಕೂ ಕಾರಣ ಇತ್ತು, ಒಂದೊಂದೂ ಆ ಹೊತ್ತಿಗೆ ಬುದ್ಧಿವಂತಿಕೆಯಾಗಿಯೇ ಕಾಣುತ್ತಿತ್ತು.

ತೂಕ ನೋಡಲಿಲ್ಲವೇ ಎಂದರೆ, ನೋಡಲಿಲ್ಲ. ಶಾಲೆಯ ಪ್ರಯೋಗಾಲಯದ ತಕ್ಕಡಿ ಕೆಟ್ಟಿತ್ತು ಎಂಬುದು ನಿಜ. ಕಿರಾಣಿ ಅಂಗಡಿಯಲ್ಲೂ ತಕ್ಕಡಿ ಇತ್ತು ಎಂಬುದೂ ಅಷ್ಟೇ ನಿಜ.

ನನ್ನ ಜೊತೆ ವಿಮಾನ ಕಟ್ಟುತ್ತಿದ್ದ ಮಕ್ಕಳ ತಂಡದಲ್ಲಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವ ಒಬ್ಬ ಹುಡುಗಿ ಇದ್ದಳು. ಬಾಲವನ್ನು ಅಂಟಿಸುವ ಮೊದಲು ಅಂಗೈಯಲ್ಲಿ ಹಿಡಿದು, "ಸರ್, ಇದು ಭಾಳ ವಜ್ಜಿ ಆಗ್ಯದ್ರಿ" ಅಂದಳು. "ಗಟ್ಟಿ ಇರಲಿ ಬಿಡವಾ" ಎಂದು ಅವಳ ಕೈಯಿಂದ ತೆಗೆದುಕೊಂಡು ಅಂಟಿಸಿದೆ. ರೆಕ್ಕೆಯ ಕೆಳಗೆ ಬೆರಳಿಟ್ಟು ತೂಗಿದಾಗ ಬಾಲ ಕೆಳಗೆ ಬಿತ್ತು. ಮೂತಿಯಲ್ಲಿ ಸೀಸದ ತುಂಡು ತುರುಕಿದೆ. ಇನ್ನೂ ಸ್ವಲ್ಪ ಬಾಲವೇ ವಾಲುತ್ತಿತ್ತು. ಇಷ್ಟು ನಡೆದೀತು ಎಂದೆ.

ಹಾರಿಸಲು ಸಾಲೋಟಗಿ ರಸ್ತೆಯ ಕಡೆಗೆ ಹೋದೆವು. ಜೋಳ ಕಿತ್ತು ಬಯಲಾದ ಹೊಲ, ಹತ್ತಿರದಲ್ಲಿ ಎಲ್ಲೂ ಪಂಪ್‌ಸೆಟ್ಟಿನ ಕರೆಂಟಿನ ತಂತಿ ಇಲ್ಲ ಎಂದು ನೋಡಿಕೊಂಡು ಆರಿಸಿದ ಜಾಗ. ಕಂಟ್ರೋಲ್ ಲೈನ್ ಉಕ್ಕಿನ ತಂತಿ ಕರೆಂಟಿನ ತಂತಿಗೆ ತಾಗಿದರೆ ಹಿಡಿಕೆ ಹಿಡಿದವನು ಉಳಿಯುವುದಿಲ್ಲ. ಈ ಎಚ್ಚರ ತಪ್ಪಲಿಲ್ಲ, ಅದೊಂದು ಸಮಾಧಾನ. ತಂತಿಗಳನ್ನು ವಿಮಾನದ ಲೆಕ್ಕದ ತೂಕದ ಹತ್ತು ಪಟ್ಟು ಬಲದಿಂದ ಎಳೆದು ನೋಡುವುದನ್ನೂ ಬಿಡಲಿಲ್ಲ. ಬೆಳಗಿನ ಹೊತ್ತು. ಹೊಲದ ಬದುವಿನ ಬೇವಿನ ಗಿಡದ ಎಲೆ ಅಲುಗುತ್ತಿರಲಿಲ್ಲ. ಆ ಎಲೆಗಳನ್ನು ನಾನು ನೋಡಿದ್ದೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಎಂಜಿನ್ನು ಕಿರುಚಿಕೊಂಡು ಶುರುವಾಯಿತು. ವಿಮಾನ ಹಿಡಿದು ಬಿಡುವ ಕೆಲಸ ಒಬ್ಬ ಹುಡುಗನದು. ಅವನು ಬಿಟ್ಟ. ನೆಲ ಬಿಡಲು ಅದು ಬಹಳ ದೂರ ಓಡಿತು, ಕೊನೆಗೆ ಎದ್ದಿತು, ಮಕ್ಕಳು ಕೂಗಿದರು. ಒಂದು ಸುತ್ತು ಮುಗಿಯುವ ಮೊದಲೇ ಹಿಡಿಕೆ ಹೇಳಿತು, ಏನೋ ಸರಿಯಿಲ್ಲ ಎಂದು. ಮೂತಿ ಏಳುತ್ತಿತ್ತು, ಇಳಿಸಿದರೆ ಅತಿಯಾಗಿ ಇಳಿಯುತ್ತಿತ್ತು, ಎತ್ತಿದರೆ ಇನ್ನೂ ಜೋರಾಗಿ ಏಳುತ್ತಿತ್ತು. ಬಾಲ ಭಾರವಾದ ವಿಮಾನ ತಾನಾಗಿ ನೇರಕ್ಕೆ ಬರುವುದಿಲ್ಲ. ಪ್ರತಿ ತಿದ್ದುವಿಕೆಯನ್ನೂ ಅದು ದೊಡ್ಡದು ಮಾಡುತ್ತದೆ. ಎಲ್ಲೋ ಒಂದು ಕಡೆ ನಾನು ಎತ್ತಿದ್ದು ಹೆಚ್ಚಾಯಿತು. ಅದು ಕಂಬದಂತೆ ನೆಟ್ಟಗೆ ನಿಂತು ವೇಗ ಕಳೆದುಕೊಂಡಿತು. ಕೈಯಲ್ಲಿದ್ದ ಎಳೆತ ಇಲ್ಲವಾಯಿತು. ಹಿಂದಕ್ಕೆ ಓಡಿ ತಂತಿ ಬಿಗಿ ಮಾಡಲು ನೋಡಿದೆ. ಅಷ್ಟರಲ್ಲಿ ಅದು ವೃತ್ತದ ಒಳಗೆ ಹೊರಳಿ, ಎಂಜಿನ್ನು ಅರಚುತ್ತಲೇ ಕೆಳಗೆ ಬಂತು. ಬಿಟ್ಟ ಹುಡುಗ ಇನ್ನೂ ವೃತ್ತದ ಹೊರಗೆ ಹೋಗಿರಲಿಲ್ಲ. ಖುಷಿಯಲ್ಲಿ ಅಲ್ಲೇ ನಿಂತು ನೋಡುತ್ತಿದ್ದ. ಅವನಿಂದ ಎರಡು ಮೂರು ಮಾರು ದೂರದಲ್ಲಿ ಬಿರುಕು ಬಿಟ್ಟ ಎರೆ ಮಣ್ಣಿಗೆ ವಿಮಾನ ಬಡಿಯಿತು.

ಅವನಿಗೆ ಏನೂ ಆಗಲಿಲ್ಲ. ನನ್ನ ಕಾಲು ನಡುಗುತ್ತಿತ್ತು. ಮಕ್ಕಳೆಲ್ಲ ಓಡಿ ಬಂದು ಸುತ್ತ ನಿಂತು ನನ್ನ ಮುಖ ನೋಡಿದರು. ಯಾಕೆ ಹೀಗಾಯಿತು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ನಾನೇ ಹೇಳಿದೆ: "ಗಾಳಿ ಜೋರಿತ್ತು. ಗಾಳಿ ಹೊಡಿತದಾಗ ಸಿಕ್ತು."

ಆ ನೋಟ್‌ಬುಕ್ಕಿನ ಹುಡುಗಿ ಬೇವಿನ ಗಿಡದ ಕಡೆ ತಿರುಗಿ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಆಮೇಲೆ "ಗಾಳಿ" ಎಂದು ಬರೆದುಕೊಂಡಳು. ಮಾಸ್ತರು ಹೇಳಿದ್ದನ್ನು ಬರೆದುಕೊಳ್ಳುವುದನ್ನು ನಾವೇ ಅಲ್ಲವೇ ಕಲಿಸಿದ್ದು?

ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, 945ರ ಶಾಸನವೊಂದು ಸಿಕ್ಕಿದೆ. ಅಲ್ಲಿದ್ದ ವಿದ್ಯಾಶಾಲೆಗೆ, ದೂರದೂರಿಂದ ಬಂದು ಓದುವ ಹುಡುಗರ ಇರವಿಗೆ ಕೊಟ್ಟ ದಾನಗಳನ್ನು ಅದು ಹೇಳುತ್ತದೆ. ಸಾವಿರ ವರ್ಷದ ಹಿಂದೆಯೇ ಕಲಿಸುವುದು ಕಲಿಯುವುದು ನಡೆದ ನೆಲ ಅದು. ಪ್ರತಿ ವರ್ಷ ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ. ಅಂಥ ಊರಿನ ಹಾದಿಯಲ್ಲಿ ನಿಂತು, ಅಲುಗದ ಎಲೆಯನ್ನು ಎದುರಿಗಿಟ್ಟುಕೊಂಡು, ಇಲ್ಲದ ಗಾಳಿಯನ್ನು ಸಾಕ್ಷಿಗೆ ಕರೆದೆ. ಆ ಹುಡುಗನಿಗೆ ಪೆಟ್ಟಾಗಿದ್ದರೆ ಎಂಬ ದಿಗಿಲಿನಲ್ಲಿ ಬಾಯಿಗೆ ಬಂದದ್ದು ಆಡಿದೆ ಎಂದು ಕೆಲವು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಜಿಕೆಯಲ್ಲಿ ಸುಳ್ಳು ಹೇಳಬಹುದು. ಅಂಜಿಕೆ ಇಳಿದ ಮರುದಿನ ತರಗತಿಗೆ ಹೋಗಿ ತಿದ್ದಬಹುದಿತ್ತು. ತಿದ್ದಲಿಲ್ಲ.

ಸುಳ್ಳು ಕಾರಣಕ್ಕೆ ಕೈಕಾಲು ಬರುತ್ತದೆಂದು ನನಗೆ ತೋರಿಸಿದವನು ಅದೇ ಹುಡುಗ. ಎಂಜಿನ್ನಿಲ್ಲದ ಕಂಟ್ರೋಲ್ ಲೈನ್ ವಿಮಾನವೂ ಉಂಟು. ಉದ್ದ ಬಿದಿರು ಕೋಲಿನ ತುದಿಗೆ ದಾರ ಕಟ್ಟಿ, ನಡುವೆ ನಿಂತು ಕೋಲು ಬೀಸುತ್ತಾ ಅದನ್ನು ಸುತ್ತಿಸುವುದು. ಹಣವಿಲ್ಲದೆ ಕಲಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅದರ ಚಿತ್ರ ನಾನು ತರಗತಿಯಲ್ಲಿ ಬರೆದಿದ್ದೆ. ರಜೆಯಲ್ಲಿ ಹುಡುಗ ತಾನೇ ಒಂದನ್ನು ಕಟ್ಟಿ ತಂದ. ಥರ್ಮಾಕೋಲಿನ ರೆಕ್ಕೆಯ ಮೇಲೂ ಕೆಳಗೂ ರಟ್ಟು, ರಟ್ಟಿನ ಮೇಲೆ ಮತ್ತೆ ಕಾಗದ, ಪದರ ಪದರಕ್ಕೂ ಫೆವಿಕಾಲ್. ಅಪ್ಪ ಇಂಡಿಯ ಮಾರುಕಟ್ಟೆಯಲ್ಲಿ ನಿಂಬೆ ಮಾರಿ ಬಂದ ದಿನ ಕೈಗಿಟ್ಟ ದುಡ್ಡನ್ನೆಲ್ಲ ಅಂಟಿನ ಡಬ್ಬಿಗೆ ಹಾಕಿದ್ದ. 40 ಗ್ರಾಮಿನಲ್ಲಿ ಮುಗಿಯಬೇಕಾದದ್ದು ಅದರ ಎರಡು ಪಟ್ಟಿಗೂ ಮೀರಿತ್ತು. ಎಷ್ಟು ಬೀಸಿದರೂ ಏಳಲಿಲ್ಲ, ಕೋಲಿನ ತುದಿಯಲ್ಲಿ ನೆಲ ಕೆರೆಯುತ್ತಾ ತಿರುಗಿತು. ಯಾಕಪ್ಪಾ ಇಷ್ಟು ದಪ್ಪ ಮಾಡಿದೆ ಎಂದು ಕೇಳಿದೆ.

"ಗಾಳಿ ತಡೀಬೇಕಲ್ರಿ ಸರ್. ನಮ್ಮದು ಗಾಳಿಗೇ ಮುರದದ್ದಲ್ರಿ. ಅದಕ್ಕ ಗಟ್ಟಿ ಮಾಡೀನ್ರಿ."

ನನ್ನಿಂದ ಅವನು ಕಲಿತದ್ದು ಅದು. ಒಡಕು ವಿಮಾನಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಮುರಿಯಿತು.

ಮನೆಯ ಅಟ್ಟದ ಮೇಲೆ ಚೀಲದಲ್ಲಿ ಕಟ್ಟಿಟ್ಟಿದ್ದ ಚೂರುಗಳನ್ನು ಆ ಸಂಜೆಯೇ ಇಳಿಸಿ ನಮ್ಮ ಓಣಿಯ ಪತ್ತಾರ ಕಾಕಾನ ಅಂಗಡಿಗೆ ಒಯ್ದೆ. ಬಂಗಾರ ತೂಗುವ ಅವರ ತಕ್ಕಡಿಗೆ ಗ್ರಾಮಿನ ನೂರನೇ ಪಾಲೂ ತಿಳಿಯುತ್ತದೆ. ಪ್ಲೈವುಡ್ಡಿನ ಚೂರುಗಳನ್ನು ನೋಡಿ ಅವರು ನಗಲಿಲ್ಲ. ಗಿರಾಕಿಯ ಮುರಿದ ಒಡವೆಯನ್ನು ನೋಡುವ ಹಾಗೆ ಒಂದೊಂದನ್ನೇ ಹೊರಳಿಸಿ ನೋಡಿದರು. ಮೈಯ ಚೂರು ಒಂದು ಕಡೆ, ರೆಕ್ಕೆಯವು ಒಂದು ಕಡೆ, ಬಾಲದವು ಒಂದು ಕಡೆ ಎಂದು ತಾವೇ ಬೇರೆ ಮಾಡಿದರು. ಬಣ್ಣ ಕೆರೆದು ಪುಡಿ ತೂಗಿ, ಮೈಯಳತೆಯಿಂದ ಒಟ್ಟು ಬಣ್ಣ ಎಷ್ಟಿರಬೇಕೆಂದು ಲೆಕ್ಕ ತೆಗೆದೆವು.

"ಮಾಸ್ತರ್ರ, ಕಟ್ಟೂ ಮುಂದ ಎಷ್ಟು ಹಾಕಿದ್ರಿ, ಬರಕೊಂಡೀರೇನ್ರಿ?" ಎಂದು ಕೇಳಿದರು.

"ಇಲ್ಲ ಕಾಕಾ."

"ಮತ್ತ ಎಲ್ಲಿಂದ ಬಂತು ವಜನ ಅಂತ ಹೆಂಗ ತಿಳೀಬೇಕ್ರಿ? ನಾವು ಬೆಸುಗೆ ಹಾಕೂ ಮೊದಲೊಮ್ಮೆ ತೂಗ್ತೀವಿ, ಹಾಕಿದ ಮ್ಯಾಲೊಮ್ಮೆ ತೂಗ್ತೀವಿ. ಇಲ್ಲಂದ್ರ ರಾತ್ರಿ ನಿದ್ದಿ ಬರಂಗಿಲ್ಲ."

ಮೈ 35 ಗ್ರಾಂ ಇರಬೇಕಾದದ್ದು 85 ಆಗಿತ್ತು. ರೆಕ್ಕೆ 70 ಇರಬೇಕಾದದ್ದು 115. ಬಾಲ 15ರ ಬದಲು 40. ಬಣ್ಣಕ್ಕೆ 10 ಇಟ್ಟುಕೊಂಡಿದ್ದೆ, 45 ಬಳಿದಿದ್ದೆ. ಲೆಕ್ಕದಲ್ಲೇ ಇಲ್ಲದ ಸೀಸ 35. ಬಂಗಾರ ತೂಗುವ ಹಳೆಯ ತೊಲೆಯ ಲೆಕ್ಕದಲ್ಲಿ, ತೊಲೆಗೆ 11.66 ಗ್ರಾಮಿನಂತೆ, ಹದಿನಾರು ತೊಲೆಗೂ ಹೆಚ್ಚಿನ ಬೇಡದ ಭಾರ. ಕಾಕಾ ಆ ಅಂಕಿ ಕೇಳಿ ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿದರು.

ಮನೆಗೆ ಬಂದು ಕೂತು ಲೆಕ್ಕ ಮಾಡಿದಾಗ ಒಂದೊಂದು ಗ್ರಾಮೂ ಏನು ಮಾಡಿತ್ತೆಂದು ಕಂಡಿತು. ಬಾಲ ಇರುವುದು ತೂಕದ ನಡುಬಿಂದುವಿನಿಂದ ಸುಮಾರು 45 ಸೆಂಟಿಮೀಟರ್ ಹಿಂದೆ. ಮೂತಿಯಲ್ಲಿ ಸೀಸ ಇಡುವ ಜಾಗ ಮುಂದಕ್ಕೆ 18 ಸೆಂಟಿಮೀಟರ್ ಮಾತ್ರ. ಅಂದರೆ ಬಾಲದಲ್ಲಿ ಹೆಚ್ಚಾದ 1 ಗ್ರಾಮಿಗೆ ಮೂತಿಯಲ್ಲಿ ಎರಡೂವರೆ ಗ್ರಾಂ ತೆರಬೇಕು. 25 ಗ್ರಾಂ ಹೆಚ್ಚಿಗೆ 60ಕ್ಕೂ ಮೀರಿ ಸೀಸ ಬೇಕಿತ್ತು. ನಾನು 35ಕ್ಕೆ ಕೈ ತೊಳೆದುಕೊಂಡಿದ್ದೆ. ಆ ಹುಡುಗಿಯ ಅಂಗೈ ಹೇಳಿದ್ದು ಇದನ್ನೇ.

ಇನ್ನು ಒಟ್ಟು ಭಾರ. ರೆಕ್ಕೆಯ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. 320ರ ಬದಲು 510 ಆದಾಗ, ಬೀಳದೆ ಹಾರಲು ಬೇಕಾದ ಕನಿಷ್ಠ ವೇಗ ಕಾಲು ಪಾಲಿಗೂ ಹೆಚ್ಚು ಏರುತ್ತದೆ. ಎಂಜಿನ್ನು ಮಾತ್ರ ಅದೇ. ಓಡಿಸುವ ಶಕ್ತಿ ಹೆಚ್ಚದೆ ಓಡಬೇಕಾದ ವೇಗ ಹೆಚ್ಚಿತು, ನಡುವಿನ ಅಂತರ ಕಿರಿದಾಯಿತು. ಮೂತಿ ಸ್ವಲ್ಪ ಎದ್ದರೂ ಆ ಅಂತರ ಖರ್ಚಾಗುತ್ತಿತ್ತು. ನಮ್ಮ ಬೇಸಿಗೆಯ 42 ಡಿಗ್ರಿಯ ಮಧ್ಯಾಹ್ನ ಹಾರಿಸಿದ್ದರೆ ಇನ್ನೂ ಕೆಟ್ಟದ್ದು. 20 ಡಿಗ್ರಿಯ ಗಾಳಿಗಿಂತ ಆ ಗಾಳಿ ನೂರಕ್ಕೆ ಏಳರಷ್ಟು ತೆಳು.

ಗಟ್ಟಿಯಾಗಲಿ ಎಂದು ಹಾಕಿದ ಭಾರ ನೆಲಕ್ಕೆ ಬಡಿಯುವಾಗ ಪೆಟ್ಟನ್ನೂ ಹೆಚ್ಚಿಸಿತ್ತು. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ 320 ಗ್ರಾಮಿನ ವಿಮಾನದ ಚಲನಶಕ್ತಿ 36 ಜೂಲ್. 510 ಗ್ರಾಮಿನದು 57. ಈ ಸೂತ್ರವನ್ನು ವರ್ಷ ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಆ ಹೆಚ್ಚಿನ 21 ಜೂಲ್ ಹೊತ್ತು ಆ ವಿಮಾನ ಹುಡುಗನ ಹತ್ತಿರ ಬಿದ್ದಿತ್ತು ಎಂದು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಬಿಡುವವನನ್ನು ವೃತ್ತದ ಹೊರಗೆ ನಿಲ್ಲಿಸದೆ ವಿಮಾನ ಬಿಡಿಸಿದ್ದು ಇನ್ನೊಂದು ತಪ್ಪು. ಅದಕ್ಕೂ ತೂಕಕ್ಕೂ ಸಂಬಂಧವಿಲ್ಲ. ಅದು ಬರೀ ನನ್ನ ಆತುರ.

ಮರುದಿನ ತರಗತಿಯಲ್ಲಿ ಈ ಅಂಕಿಗಳನ್ನೆಲ್ಲ ಬೋರ್ಡಿನ ಮೇಲೆ ಬರೆದೆ. ಒಂದು ಕಡೆ ಇರಬೇಕಾದದ್ದು, ಇನ್ನೊಂದು ಕಡೆ ಆದದ್ದು. ಅಂದು ಗಾಳಿ ಇರಲಿಲ್ಲ, ನಾನು ಹೇಳಿದ್ದು ಸುಳ್ಳು, ವಿಮಾನ ಬಿದ್ದದ್ದು ನಾನು ಹಾಕಿದ ಭಾರದಿಂದ ಎಂದೆ. ಹುಡುಗನ ಕಡೆ ತಿರುಗಿ, ನಿನ್ನ ವಿಮಾನ ಏಳದೆ ಹೋದದ್ದಕ್ಕೂ ಆ ಸುಳ್ಳೇ ಕಾರಣ ಎಂದೆ. ಇದನ್ನು ಹೇಳಿದರೆ ಮಕ್ಕಳ ಮುಂದೆ ಸಣ್ಣವನಾಗುತ್ತೇನೆ ಎಂಬ ಅಂಜಿಕೆ ಇಷ್ಟು ದಿನ ಬಾಯಿ ಕಟ್ಟಿತ್ತು. ಮಕ್ಕಳು ಆ ಬಗ್ಗೆ ಏನೂ ಅನ್ನಲಿಲ್ಲ. ಹುಡುಗಿ ನೋಟ್‌ಬುಕ್ಕಿನ ಹಳೆಯ ಪುಟ ತೆಗೆದು "ಗಾಳಿ" ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ "ಬಾಲ, 25" ಎಂದು ಬರೆದಳು. ಹುಡುಗ ಮಾತ್ರ ಕೇಳಿದ, "ಹಂಗಾದ್ರ ನಂದು ಎಷ್ಟು ತೂಗ್ತದ್ರಿ?" ಎಲ್ಲರೂ ಪತ್ತಾರ ಕಾಕಾನ ಅಂಗಡಿಗೆ ಹೊರಟೆವು.

ಎರಡನೆಯ ವಿಮಾನಕ್ಕೆ ಕೈ ಹಾಕುವ ಮೊದಲು ಒಂದು ವಾರ ಬರೀ ತೂಗಿದೆವು. ಬಾಲ್ಸಾ ಹಲಗೆ ಎಲ್ಲ ಒಂದೇ ಅಲ್ಲ. 3 ಮಿಲಿಮೀಟರ್ ದಪ್ಪ, 75 ಮಿಲಿಮೀಟರ್ ಅಗಲ, 915 ಮಿಲಿಮೀಟರ್ ಉದ್ದದ ಹಲಗೆ ಒಂದು 20 ಗ್ರಾಂ ಇದ್ದರೆ, ನೋಡಲು ಹಾಗೇ ಇರುವ ಇನ್ನೊಂದು 40 ಇರುತ್ತದೆ. ಹಗುರವಾದದ್ದು ಬಾಲಕ್ಕೆ, ಭಾರವಾದದ್ದು ತೊಲೆಗೆ ಎಂದು ಹುಡುಗಿ ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಗಟ್ಟಿತನ ಎಲ್ಲಿರಬೇಕು ಎಂದು ತಿಳಿಸಲು ಹೊಲದಿಂದ ಒಂದು ಜೋಳದ ದಂಟು ತರಿಸಿದೆ. ಮಾಲದಂಡಿ ಜೋಳದ ಆಳೆತ್ತರದ ದಂಟು ತುದಿಯಲ್ಲಿ ತೆನೆ ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆ. ಸೀಳಿದರೆ ಹೊರಗೆ ತೆಳುವಾದ ಗಟ್ಟಿ ಸಿಪ್ಪೆ, ಒಳಗೆಲ್ಲ ಬೆಂಡು. ಬಾಗುವ ವಸ್ತುವಿನಲ್ಲಿ ಬಲ ಬೇಕಾದದ್ದು ಹೊರ ಅಂಚಿಗೆ. ನಡುವಿನ ಕಟ್ಟಿಗೆ ಹೆಚ್ಚು ಕೆಲಸ ಮಾಡದೆ ತೂಗುತ್ತದೆ. ಅದೇ ಕಟ್ಟಿಗೆಯನ್ನು ಅಗಲಕ್ಕೆ ಎರಡರಷ್ಟು ಮಾಡಿದರೆ ಬಿಗುವು ಎರಡರಷ್ಟಾಗುತ್ತದೆ, ಎತ್ತರಕ್ಕೆ ಎರಡರಷ್ಟು ಮಾಡಿದರೆ ಎಂಟರಷ್ಟು. ಹಾಗಾಗಿ ರೆಕ್ಕೆಯ ಮೇಲೊಂದು ಕೆಳಗೊಂದು ತೆಳು ಪಟ್ಟಿ ಇಟ್ಟು, ನಡುವೆ ಕಾಗದದಷ್ಟು ತೆಳುವಾದ ಬಾಲ್ಸಾ ನಿಲ್ಲಿಸಿದೆವು. ದಂಟಿನ ಬಂಡಿ ಮಾಡಿ ಆಡಿ ಬೆಳೆದ ಮಕ್ಕಳಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಪ್ಲೈವುಡ್ ಪೂರಾ ಬಿಟ್ಟೆವೆಂದಲ್ಲ. ಎಂಜಿನ್ನು ನಡುಗಿಸುವ ಮೂತಿಯ ಹತ್ತಿರ ಒಂದೂವರೆ ಮಿಲಿಮೀಟರಿನದು ಬೇಕೇ ಬೇಕು. ಅಲ್ಲಿಂದ ಹಿಂದಕ್ಕೆ ಬಾಲ್ಸಾ. ಅಂಟನ್ನು ಸೂಜಿಯ ಮೊನೆಯಲ್ಲಿ ಇಟ್ಟು, ಕೂಡಿಸಿ, ಉಕ್ಕಿದ್ದನ್ನು ಒರೆಸಿ ತೆಗೆದೆವು. ಬಣ್ಣದ ಕಾಗದವನ್ನೇ ರೆಕ್ಕೆಗೆ ಹೊದಿಸಿ ಮೇಲೆ ಡೋಪ್ ಎಂಬ ವಾರ್ನಿಷ್ಷನ್ನು ತೆಳುವಾಗಿ ಬಳಿದದ್ದರಿಂದ ಬೇರೆ ಬಣ್ಣ ಬೇಕಾಗಲಿಲ್ಲ. ಮೂತಿಗೆ ಮಾತ್ರ ಒಂದು ಪದರ ಹೆಚ್ಚು. ಔಡಲೆಣ್ಣೆ ಬಾಲ್ಸಾಕ್ಕೆ ಇಳಿದರೆ ಹಾರಾಟಕ್ಕೊಮ್ಮೆ ವಿಮಾನ ತೂಕ ಏರಿಸಿಕೊಳ್ಳುತ್ತದೆ. ಹೊರ ರೆಕ್ಕೆಯ ತುದಿಯಲ್ಲಿ 8 ಗ್ರಾಮಿನ ಸೀಸವನ್ನು ನಾವೇ ಇಟ್ಟೆವು. ಒಳ ರೆಕ್ಕೆ ತಂತಿಗಳ ಭಾರ ಹೊರುತ್ತದೆ, ಅದನ್ನು ಸರಿದೂಗಿಸಲು. ಆ 8 ಗ್ರಾಮಿಗೆ ಕೆಲಸವಿತ್ತು. ಅದರ ಎದುರು ಹುಡುಗಿ ಕಾರಣವನ್ನೂ ಬರೆದಳು. ಕಾರಣ ಬರೆಯಲಾಗದ್ದನ್ನು ಹಾಕುವ ಹಾಗಿಲ್ಲ ಎಂಬುದು ಆಗ ಮಕ್ಕಳೇ ಮಾಡಿಕೊಂಡ ಕಟ್ಟಳೆ.

ಆ ದಿನಗಳಲ್ಲಿ ಪಾಲ್ ಮೆಕ್‌ಕ್ರೆಡಿಯ ಬಗ್ಗೆ ಓದುತ್ತಿದ್ದೆ. ಮನುಷ್ಯ ಕಾಲಿನಿಂದ ತುಳಿದು ಹಾರಿಸುವ ವಿಮಾನಕ್ಕೆ ಕ್ರೆಮರ್ ಬಹುಮಾನ ಇಟ್ಟಿದ್ದರು. ಎಷ್ಟೋ ಜನ ಚೆಂದದ, ಗಟ್ಟಿಮುಟ್ಟಾದ ವಿಮಾನಗಳನ್ನು ವರ್ಷಗಟ್ಟಲೆ ಕಟ್ಟಿ ಸೋತಿದ್ದರು. ಮೆಕ್‌ಕ್ರೆಡಿ ಅಲ್ಯೂಮಿನಿಯಂ ಕೊಳವೆ, ತಂತಿ, ಪ್ಲಾಸ್ಟಿಕ್ ಹಾಳೆಯಿಂದ ಸುಮಾರು 29 ಮೀಟರ್ ರೆಕ್ಕೆಯ, 32 ಕಿಲೋ ತೂಕದ ಗಾಸಮರ್ ಕಾಂಡರ್ ಕಟ್ಟಿದರು. ಅದು ಮುರಿಯುತ್ತಿತ್ತು. ಬೇಗ ಸರಿಮಾಡಿ ಮತ್ತೆ ಹಾರಿಸುತ್ತಿದ್ದರು. 1977ರ ಆಗಸ್ಟಿನಲ್ಲಿ ಬ್ರಯಾನ್ ಅಲೆನ್ ಅದನ್ನು ತುಳಿದು ಬಹುಮಾನ ಗೆದ್ದರು, 1979ರಲ್ಲಿ ಅದರ ತಮ್ಮನಂಥ ಇನ್ನೊಂದರಲ್ಲಿ ಇಂಗ್ಲಿಷ್ ಕಾಲುವೆಯನ್ನೇ ದಾಟಿದರು. ಮುರಿಯಬಾರದು ಎಂದು ಕಟ್ಟುವವನಿಗೂ ಮುರಿದರೆ ಸರಿಮಾಡಿಕೊಳ್ಳುತ್ತೇನೆ ಎಂದು ಕಟ್ಟುವವನಿಗೂ ಇಷ್ಟು ಅಂತರ ಇದೆ ಎಂದು ನನಗೆ ಮನವರಿಕೆಯಾದದ್ದು ಅವರನ್ನು ಓದಿದಾಗ. ನನ್ನ ಮೊದಲ ವಿಮಾನ ಮುರಿದ ಮೇಲೆ ಸರಿಮಾಡಲೂ ಬಾರದ ಹಾಗಿತ್ತು. ಪ್ಲೈವುಡ್ ಸೀಳಿದ ರೀತಿಗೆ ಯಾವ ತುಂಡೂ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ.

ಎರಡನೆಯದು 346 ಗ್ರಾಂ ಆಯಿತು. 320 ಆಗಲಿಲ್ಲ. ಹೆಚ್ಚಾದದ್ದು ಮೈಯಲ್ಲಿ 7, ರೆಕ್ಕೆಯಲ್ಲಿ 8, ಬಾಲದಲ್ಲಿ 1, ಡೋಪಿನಲ್ಲಿ 2, ತುದಿಯ ಸೀಸ 8. ಎಲ್ಲಿ ಹೋಯಿತು ಎಂಬುದು ಹುಡುಗಿಯ ನೋಟ್‌ಬುಕ್ಕಿನಲ್ಲಿದೆ. ಬೆರಳಿಟ್ಟು ತೂಗಿದಾಗ ಮೂತಿ ತುಸು ಕೆಳಗೆ ವಾಲಿತು. ನಮ್ಮ ಚಳಿಗಾಲದ ಬೆಳಗಿನ ದಟ್ಟ ಗಾಳಿಯಲ್ಲಿ, ಬಿಡುವವನನ್ನು ವೃತ್ತದ ಅಂಚಿನ ಹೊರಗೆ ನಿಲ್ಲಿಸಿಕೊಂಡು, ಹಾರಿಸಿದೆವು. ಎರಡು ಸುತ್ತು ಆಗುವಷ್ಟರಲ್ಲಿ ಹಿಡಿಕೆಯಲ್ಲಿ ಆ ಹಳೆಯ ಎಳೆತ ಬಂತು. ನಾನು ಕೈ ಅಲುಗಿಸದೆ ಇದ್ದರೂ ಅದು ನೇರ ಹಾರಿತು. ಆಮೇಲೆ ಹುಡುಗನ ಮಣಿಕಟ್ಟಿಗೆ ಹಿಡಿಕೆಯ ಪಟ್ಟಿ ಕಟ್ಟಿ, ಬೆನ್ನ ಹಿಂದೆ ನಿಂತು ಅವನ ಕೈಯ ಮೇಲೆ ಕೈ ಇಟ್ಟು ಹಾರಿಸಿದೆ. ನಡುವೆ ಯಾವಾಗಲೋ ನನ್ನ ಕೈ ತೆಗೆದೆ. ಎಣ್ಣೆ ತೀರಿ ಎಂಜಿನ್ನು ನಿಂತಾಗ ಅವನು ಗಾಬರಿಯಾಗದೆ ಮೂತಿ ತುಸು ಬಗ್ಗಿಸಿ ವೇಗ ಉಳಿಸಿಕೊಂಡು ಇಳಿಸಿದ. ಗಾಲಿ ಮಣ್ಣಿನ ಹೆಂಟೆಗೆ ತಾಗಿ ವಿಮಾನ ಪಲ್ಟಿ ಹೊಡೆಯಿತು, ಪಂಖದ ಒಂದು ರೆಕ್ಕೆ ಮುರಿಯಿತು. ಮೂತಿಯ ಹತ್ತಿರ ಬಾಲ್ಸಾ ಬಿರಿದದ್ದನ್ನು ಅಲ್ಲೇ ಬದುವಿನ ಮೇಲೆ ಕೂತು ಅಂಟಿಸಿದೆವು.

ಈಗ ಮೂರನೆಯದರ ಕೆಲಸ ನಡೆದಿದೆ. ಅದಕ್ಕೆ ಶಾಲೆಯ ಹೆಸರು ಬರೆಯಬೇಕು ಎಂದು ಸಣ್ಣ ಹುಡುಗರ ಹಟ. ಬಣ್ಣದಲ್ಲಿ ಬರೆದರೆ 3 ಗ್ರಾಂ ಆಗುತ್ತದೆ ಎಂದು ಹುಡುಗಿ ಒಪ್ಪುತ್ತಿಲ್ಲ. ಅಕ್ಷರಗಳನ್ನು ಹೊದಿಕೆಯ ಕಾಗದದಲ್ಲೇ ಕತ್ತರಿಸಿ ಅಂಟಿಸಿದರೆ 1 ಗ್ರಾಮೂ ಆಗಲಿಕ್ಕಿಲ್ಲ ಎಂದು ಹುಡುಗನ ವಾದ. ನಿನ್ನೆ ಆ ಅಕ್ಷರಗಳನ್ನು ಲಕೋಟೆಯಲ್ಲಿ ಹಾಕಿಕೊಂಡು ಪತ್ತಾರ ಕಾಕಾನ ಅಂಗಡಿಗೆ ಹೋಗಿದ್ದಾರೆ.